ಸ್ಪಷ್ಟನೆ: ‘1.7 ಟನ್ ಪಿಕ್‌ಅಪ್‌ಗೆ 50 ಮೂಟೆ ಹಾಕಬಹುದು’ ಎಂಬುದು ತಪ್ಪು

ಚಿಕ್ಕಮಗಳೂರು, ಹಾಸನ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘2018ರಲ್ಲಿ ಸರ್ಕಾರ ಲೋಡ್ ಮಿತಿ ಏರಿಸಿದೆ, ಪಟ್ಟ (ಲೀಫ್ ಸ್ಪ್ರಿಂಗ್) ಹೆಚ್ಚಿಸಿದರೆ 1.7 ಟನ್ ಗಾಡಿಗೆ 50 ಕೆ.ಜಿ.ಯ 50 ಮೂಟೆ ಕಾಫಿ ಸಲೀಸು.’

2018ರ ಏರಿಕೆ ಭಾರಿ ಲಾರಿಗಳ ಆಕ್ಸಲ್ ಭಾರಕ್ಕೆ ಸಂಬಂಧಿಸಿದ್ದು. ಪಿಕ್‌ಅಪ್‌ಗೆ ಆರ್‌ಸಿಯಲ್ಲಿರುವ ಒಟ್ಟು ತೂಕವೇ ಮಿತಿ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೆಲ್ಲ ಸರಕಿಗಲ್ಲ. ಚಾಲಕ, ಹಮಾಲಿ ಸೇರಿ 130 ಕೆ.ಜಿ., ನೀವೇ ಕೂರಿಸಿದ ಕಬ್ಬಿಣದ ಫ್ರೇಮ್ 100 ಕೆ.ಜಿ. ಎಂದುಕೊಂಡರೆ ಉಳಿದ ಆ 1,700 ಕೆ.ಜಿ.ಯಲ್ಲಿ ಸರಕಿಗೆ ಸಿಗುವುದು 1,470. ಅಂದರೆ 29 ಮೂಟೆ.

ಹೆಸರು ನೋಡಿ ಗಾಡಿ ಹೋಲಿಸಬೇಡಿ. ಬೊಲೆರೊ ಮ್ಯಾಕ್ಸ್ ಪಿಕ್‌ಅಪ್‌ನಲ್ಲೇ 1.3, 1.7, 2 ಟನ್ ಮಾದರಿಗಳಿವೆ. ಟಾಟಾ ಇಂಟ್ರಾ ವಿ50 1.5 ಟನ್ನಿನದು, ಯೋಧ 2.0 ಎರಡು ಟನ್ನಿನದು. ಎರಡು ಟನ್ ಗಾಡಿಗೂ 50 ಮೂಟೆ ಹೆಚ್ಚೇ.

ಪಟ್ಟ ಸೇರಿಸಿದರೆ ಹಿಂಭಾಗ ಕುಸಿಯುವುದಿಲ್ಲ, ಅಷ್ಟೇ. ಬ್ರೇಕ್, ಟೈರ್, ಬೇರಿಂಗ್, ಚಾಸಿ ಹಳೆಯವೇ. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಹೋದರೆ ಡ್ರಮ್ ಕಾದು ಹಿಡಿತ ಕಳೆಯುತ್ತದೆ. ಮೂಟೆ ಹಿಂಬಾಗಿಲ ಕಡೆ ಗುಡ್ಡೆಯಾಗಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಮಿತಿಯೊಳಗೇ ತುಂಬಿದರೂ ಭಾರ ಕ್ಯಾಬಿನ್ ಕಡೆಯಿಂದ ಜೋಡಿಸಿ, ಘಾಟಿ ಹತ್ತಲು ಹಾಕುವ ಗೇರಿನಲ್ಲೇ ಇಳಿಯಿರಿ.

ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂನಂತೆ ₹20,000 ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ ₹2,000. ಇಳಿಸುವ ಕೂಲಿಯೂ ನಿಮ್ಮದೇ.