ಫೋಟೋದವರೇ, ಇದನ್ನೊಮ್ಮೆ ಹಿಡ್ಕೊಳ್ಳಿ

ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ಸುಮ್ನೆ ನಿಲ್ಲುವವರಿಗೆ ಜಾಗ ಇಲ್ಲ. ಒಂದು ತುದಿಯಲ್ಲಿ ಗಣಪತಿ, ಎದುರು ದೀಪ. ಆಚೀಚೆ ಎರಡು ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಕಲಾವಿದರು. ಪ್ರತಿಯೊಬ್ಬರಿಗೂ ಅವರದೇ ಜಾಗ, ಅವರದೇ ಕನ್ನಡಿ. ನಡುವಿನ ಓಣಿಯಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ನಿಂತವನು ಮಾತ್ರ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಸ್ವಲ್ಪ ಹೊತ್ತು ನೋಡುತ್ತಾರೆ. ಆಮೇಲೆ ಯಾರಾದರೂ ಹೇಳಿಯೇ ಹೇಳುತ್ತಾರೆ, "ಓ ಫೋಟೋದವರೇ, ಇದನ್ನೊಮ್ಮೆ ಹಿಡ್ಕೊಳ್ಳಿ."

ಅದು ಸೀರೆಯ ಸೆರಗು ಇರಬಹುದು, ಕನ್ನಡಿ ಇರಬಹುದು. ಹೆಚ್ಚಾಗಿ ದಾರದ ತುದಿ. ಈ ವೇಷಭೂಷಣ ಎಲ್ಲ ನಿಂತಿರುವುದೇ ಗಂಟಿನ ಮೇಲೆ. ದಗಲೆ ಅನ್ನುವ ಅಂಗಿ ಹಾಕಿ ಮೇಲೆ ಎದೆಪದಕ, ಭುಜಕೀರ್ತಿ, ಸೊಂಟಕ್ಕೆ ವೀರಗಸೆ, ಕಾಲಿಗೆ ಗೆಜ್ಜೆ, ಎಲ್ಲವನ್ನೂ ಬಿಗಿದು ಕಟ್ಟಬೇಕು. ಗಂಟು ಹಾಕುವಾಗ ಮೇಲೆ ಒಂದು ಬೆರಳು ಒತ್ತಿ ಹಿಡಿಯಬೇಕಲ್ವಾ? ಆ ಬೆರಳು ನನ್ನದು. ಶಟರ್ ಒತ್ತುವ ಬೆರಳೂ ಅದೇ.

ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯಾ ಕಡೆ ದೀಪಾವಳಿ ಕಳೆದ ಮೇಲೆ ಮೇ ಕೊನೆಯ ಪತ್ತನಾಜೆಯವರೆಗೆ ಯಕ್ಷಗಾನದ ಆಟಕ್ಕೆ ಬರ ಇಲ್ಲ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು ಕುಂಬಳೆಯೇ. 1956ರಲ್ಲಿ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು, ಆಟ ಎಲ್ಲಿಗೂ ಹೋಗಲಿಲ್ಲ. ರಂಗದ ಮೇಲೆ ಅಪ್ಪಟ ಕನ್ನಡ. ಚೌಕಿಗೆ ಬಂದರೆ ಬೇರೆಯೇ ಲೋಕ. ಧರ್ಮರಾಯ ತುಳುವಿನಲ್ಲಿ ಬೈಯುತ್ತಿರುತ್ತಾನೆ. ದ್ರೌಪದಿ ಫೋನಿನಲ್ಲಿ ಯಾರಿಗೋ ಮಲಯಾಳದಲ್ಲಿ ದಾರಿ ಹೇಳುತ್ತಿರುತ್ತಾಳೆ. ಇಬ್ಬರು ಹವ್ಯಕ ಕನ್ನಡದಲ್ಲಿ ಅಡಕೆ ರೇಟು ಮಾತಾಡುತ್ತಿರುತ್ತಾರೆ. ಇದು ಯಾವುದೂ ಫೋಟೋದಲ್ಲಿ ಬೀಳುವುದಿಲ್ಲ ಅನ್ನುವುದೇ ಬೇಜಾರು.

ಬೀಳುವುದಾದರೂ ಏನು? ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ಟ್ಯೂಬ್‌ಲೈಟು. ಮುಖಕ್ಕೆ ಹಳದಿ, ಬಿಳಿಯ ಸಫೇದ, ಕೆಂಪು ಇಂಗಳೀಕ ಎಲ್ಲ ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚಿರುತ್ತಾರೆ. ನಮ್ಮ ಕಣ್ಣಿಗೆ ಅದು ರಾಜಕಳೆ. ಕ್ಯಾಮೆರಾಕ್ಕೆ ಅದು ಕಾಯಿಲೆ. ತಾನೇ ಸರಿಪಡಿಸಲು ಹೊರಡುತ್ತದೆ. ಅದು ಸರಿಪಡಿಸಿ ಮುಗಿಸುವಾಗ ಶ್ರೀರಾಮನಿಗೆ ಕಾಮಾಲೆ. ಫ್ಲ್ಯಾಶ್ ಹಾಕುವ ಹಾಗಿಲ್ಲ. ಕಣ್ಣಿಗೆ ಕಾಡಿಗೆ ಎಳೆಯುತ್ತಿರುವವರ ಎದುರು ಫ್ಲ್ಯಾಶ್ ಹೊಡೆದರೆ ಗೆರೆ ಕಿವಿಯವರೆಗೆ ಹೋಗುತ್ತದೆ, ಬೈಗುಳ ಅದಕ್ಕಿಂತ ದೂರ.

ಇನ್ನೊಂದು ಸಂಕಟ, "ಹೇಗೆ ಬಂದಿದೆ ನೋಡುವ" ಅನ್ನುವುದು. ತೋರಿಸದಿದ್ದರೆ ಜಂಬ ಅನ್ನುತ್ತಾರೆ. ತೋರಿಸಿದರೆ ಎಣ್ಣೆಬಣ್ಣದ ಬೆರಳಿನಿಂದ ಪರದೆ ಉಜ್ಜುತ್ತಾರೆ, ಮೊಬೈಲಿನ ಹಾಗೆ ದೊಡ್ಡದಾಗುತ್ತದೆ ಅಂತ. ಅರ್ಜುನನ ಹೆಬ್ಬೆಟ್ಟಿನ ಗುರುತು ನನ್ನ ಕ್ಯಾಮೆರಾದ ಮೂಲೆಯಲ್ಲಿ ಕೆಂಪಗೆ ಈಗಲೂ ಇದೆ. ಮೇಲಿಂದ, "ಕಿರೀಟ ಎಲ್ಲಿ?" ಅಂತ ಪ್ರಶ್ನೆ. ಕಿರೀಟ ಅರ್ಧಕ್ಕೆ ಕತ್ತರಿಸಿ ಬರೀ ಕಣ್ಣು ಕಾಣುವ ಹಾಗೆ ತೆಗೆಯುವುದನ್ನು ನಾವು ಕಲೆ ಅನ್ನುತ್ತೇವೆ. ಅಷ್ಟು ಭಾರ ತಲೆಯಲ್ಲಿ ಹೊತ್ತವರಿಗೆ ಅದು ನಷ್ಟ. ನನ್ನ ಕೇಳಿದರೆ ಅವರು ಹೇಳುವುದೇ ಸರಿ.

ಸ್ತ್ರೀವೇಷದವರದು ಬೇರೆ ಬೇಡಿಕೆ. "ಸ್ವಲ್ಪ ಸಪೂರ ಕಾಣುವ ಹಾಗೆ ತೆಗೆಯಿರಿ ಮಾರಾಯ್ರೇ." ಮಧ್ಯಾಹ್ನದ ಊಟಕ್ಕೆ ಅವರ ಪಕ್ಕದಲ್ಲೇ ಕೂತು, ಪಾಯಸ ಎಷ್ಟು ಸಲ ಹಾಕಿಸಿಕೊಂಡರು ಅಂತ ಕಣ್ಣಾರೆ ನೋಡಿದವನು ನಾನು. ಲೆನ್ಸು ಏನು ಮಾಡೀತು?

ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದವರ ಹತ್ತಿರ ನಿಲ್ಲುವುದು ನನಗೆ ಇಷ್ಟ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಚಿಟ್ಟಿ ಇಡುತ್ತಾರೆ. ಒಂದು ಪದರ ಒಣಗಬೇಕು, ಅದರ ಮೇಲೆ ಇನ್ನೊಂದು. ಮುಳ್ಳು ಮುಳ್ಳಾಗಿ ಎದ್ದು ಬರುವ ಹೊತ್ತಿಗೆ ಗಂಟೆಗಟ್ಟಲೆ ಕಳೆದಿರುತ್ತದೆ. ಅಷ್ಟು ಹೊತ್ತೂ ರಾಕ್ಷಸ ಮಾತಾಡಬಾರದು, ನಗಬಾರದು. ಹಾಸ್ಯಗಾರರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರು ಅಲ್ಲಿಯೇ ಬಂದು ಕೂತುಕೊಳ್ಳುತ್ತಾರೆ. ಒಮ್ಮೆ ಊರಿನ ಮದುವೆಯೊಂದರ ಕಥೆ ಶುರುಮಾಡಿದರು. ರಾಕ್ಷಸ ಕೈಯಲ್ಲೇ ಬೇಡಿಕೊಂಡ, ಬೇಡ, ಬೇಡ. ಹೊಟ್ಟೆ ಕುಲುಕಿತು, ಭುಜ ಕುಲುಕಿತು, ಕೊನೆಗೆ ಕೆನ್ನೆಯ ಚಿಟ್ಟಿ ಟಪ್ ಅಂತ ಕಳಚಿ ಮಡಿಲಿಗೆ ಬಿತ್ತು. ಎಂಥ ಫೋಟೋ! ನನ್ನ ಎರಡು ಕೈಯಲ್ಲೂ ಅವರ ಕನ್ನಡಿ ಇತ್ತು.

ಆದರೂ ಅಲ್ಲಿಯವರೆಗೆ ನನ್ನ ಚಾಕರಿ ಚೌಕಿಯ ಒಳಗೆ ಇತ್ತು. ಹೊರಗೆ ಬಂದದ್ದು 'ದೇವಿ ಮಹಾತ್ಮೆ'ಯ ದಿನ. ಮಹಿಷಾಸುರ ಪರದೆಯ ಹಿಂದಿನಿಂದ ಬರುವುದಿಲ್ಲ, ನಡುರಾತ್ರಿ ಜನರ ಹಿಂಬದಿಯಿಂದ ಬರುತ್ತಾನೆ. ಎರಡು ಕಡೆ ದೊಂದಿ ಅನ್ನುವ ಪಂಜು, ರಾಳದ ಪುಡಿ ಎರಚಿದಾಗ ಭಗ್ ಅಂತ ಬೆಂಕಿ, ಚೆಂಡೆಯ ಅಬ್ಬರ. ನಾನು ಮುಂಚೆಯೇ ಹೋಗಿ ಗದ್ದೆಯ ಬದಿಯಲ್ಲಿ ಅವನ ಹತ್ತಿರವೇ ನಿಂತೆ. ಇಲ್ಲಿ ಕನ್ನಡಿ ಇಲ್ಲ, ದಾರ ಇಲ್ಲ ಅನ್ನುವ ಧೈರ್ಯ. ದೊಂದಿ ಹಿಡಿದ ಹುಡುಗ ನನ್ನ ಹತ್ತಿರ ಬಂದ. "ಅಣ್ಣಾ, ಒಂದೇ ನಿಮಿಷ. ಮುಂಡು ಬಿಚ್ಚುತ್ತಾ ಉಂಟು."

ಇಲ್ಲ ಅನ್ನಲಿಕ್ಕಾಗುತ್ತದಾ? ಹಿಡಿದುಕೊಂಡೆ. ಚೆಂಡೆಗೆ ಪೆಟ್ಟು ಬಿದ್ದದ್ದೂ ಆಗಲೇ. ಕೊಂಬು ಅಲ್ಲಾಡಿಸಿ ಮಹಿಷಾಸುರ ಹೊರಟೇ ಬಿಟ್ಟ. ದೊಂದಿ ಎಲ್ಲಿಯೋ ನಾನೂ ಅಲ್ಲಿಗೆ. ಮಕ್ಕಳು ಕಿರುಚಿ ಅಮ್ಮಂದಿರ ಸೆರಗಿನೊಳಗೆ ಹೋದರು. ಪಕ್ಕದವನು ರಾಳ ಎರಚಿದಾಗೆಲ್ಲ ನಾನು ಹಿಂದೆ ಹಾರಿದೆ. ಅದನ್ನೂ ಕುಣಿತ ಅಂತ ತಿಳಿದು ಕೆಲವರು ಶಿಳ್ಳೆ ಹೊಡೆದರು. ಕ್ಯಾಮೆರಾ ಹೊಟ್ಟೆಯ ಮೇಲೆ ಅತ್ತಿತ್ತ ಓಲಾಡುತ್ತಿತ್ತು. ಸುತ್ತಲೂ ನೂರಾರು ಮೊಬೈಲು ಮೇಲೆದ್ದಿದ್ದವು.

ಬೆಳಗ್ಗೆ ಪೆರ್ಲದಿಂದ ಅತ್ತೆಯ ಫೋನು.

"ವಾಟ್ಸಾಪಿನಲ್ಲಿ ವಿಡಿಯೋ ಬಂದಿದೆ. ಮಹಿಷಾಸುರನ ಬಲಗಡೆ ಹಾರುವವನು ನೀನೇ ಅಲ್ವಾ? ಮೇಳಕ್ಕೆ ಸೇರಿದ್ದು ಯಾವಾಗ?"

"ಸೇರಿದ್ದಲ್ಲ ಅತ್ತೆ, ಫೋಟೋ ತೆಗೆಯಲು ಹೋದದ್ದು."

"ಹಾಗಾದ್ರೆ ಮಹಿಷಾಸುರನದು ಒಳ್ಳೆಯದು ಒಂದು ಕಳಿಸು. ಮೊಮ್ಮಗುವಿಗೆ ಬೇಕಂತೆ."

ನಾನು ಸ್ವಲ್ಪ ಯೋಚಿಸಿ, ಮೊದಲು ಆ ವಿಡಿಯೋ ನನಗೆ ಕಳಿಸಿ ಅಂದೆ.