ಹೃದಯದ ಎಕೋ ಸ್ಕ್ಯಾನ್ ಚೆನ್ನಾಗಿದೆ, ಸರಿ. ಮನಸ್ಸು?

"ಹುಟ್ಟಿದಾಗ ಹೃದಯದಲ್ಲಿ ತೂತಿತ್ತು, ಆಪರೇಶನ್ ಆಯ್ತು, ಈಗ ಏನೂ ತೊಂದರೆ ಇಲ್ಲ" ಅಂತ ಮನೆಯವರು ಮಾತು ಮುಗಿಸುತ್ತಾರೆ. ಟೆಟ್ರಾಲಜಿ ಆಫ್ ಫ್ಯಾಲೋ (ಹುಟ್ಟಿನಿಂದಲೇ ಹೃದಯದಲ್ಲಿ ನಾಲ್ಕು ದೋಷಗಳು ಒಟ್ಟಿಗೆ ಇರುವ ಕಾಯಿಲೆ) ಇದ್ದವರಿಗೆ ಅಷ್ಟಕ್ಕೇ ಮುಗಿಯುವುದಿಲ್ಲ. ಸರಿಪಡಿಸಿದ ಮೇಲೂ ಪಲ್ಮನರಿ ವಾಲ್ವ್ (ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯ ಕವಾಟ) ಸೋರಬಹುದು, ಹೃದಯದ ಬಲಭಾಗದ ಕೆಳಕೋಣೆ ಹಿಗ್ಗಬಹುದು, ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಮತ್ತೆ ವಾಲ್ವ್ ಹಾಕಿಸಬೇಕಾಗಬಹುದು. ಆ "ಬಹುದು"ಗಳ ಜೊತೆಗೇ ಅವರು ಓದಬೇಕು, ಕೆಲಸ ಹುಡುಕಬೇಕು. ಹುಟ್ಟು ಹೃದ್ರೋಗ ಇರುವವರಿಗೆ ಮಾನಸಿಕ ಆರೈಕೆಯೂ ಚಿಕಿತ್ಸೆಯ ಭಾಗವಾಗಬೇಕು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲೇ ಹೇಳಿದೆ. ನಮ್ಮ ಒಪಿಡಿಗಳಲ್ಲಿ ಮನಸ್ಸು ಹೇಗಿದೆ ಎಂಬ ಪ್ರಶ್ನೆಯನ್ನೇ ಕೇಳದಿರುವುದು ನನಗೆ ದೊಡ್ಡ ಲೋಪವಾಗಿ ಕಾಣುತ್ತದೆ.

ಎದೆ ಡವಡವ ಅಂದರೆ "ಟೆನ್ಶನ್ ಮಾಡ್ಕೋಬೇಡ" ಅಂದುಬಿಡುವುದು ಅಪಾಯ. ಪ್ಯಾನಿಕ್ (ಇದ್ದಕ್ಕಿದ್ದಂತೆ ಬರುವ ತೀವ್ರ ಭಯ) ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೇರಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಬಡಿತದ ಲಯ ತಪ್ಪಿದರೆ ಸ್ವಿಚ್ ಹಾಕಿದ ಹಾಗೆ ಶುರುವಾಗಿ ತಟ್ಟನೆ ನಿಲ್ಲುವುದುಂಟು. ಆದರೆ ಅನುಭವದಿಂದಷ್ಟೇ ಎರಡನ್ನೂ ಬೇರ್ಪಡಿಸಲಾಗದು, ಒಬ್ಬರಲ್ಲೇ ಎರಡೂ ಇರಬಹುದು. ಯಾವಾಗ ಬಂತು, ಏನು ಮಾಡುತ್ತಿದ್ದಿರಿ, ಎಷ್ಟು ಹೊತ್ತು, 30 ಸೆಕೆಂಡಿನ ನಾಡಿ ಎಷ್ಟು (ಎರಡರಿಂದ ಗುಣಿಸಿ), ಇವನ್ನು ಬರೆದಿಟ್ಟು ಇಸಿಜಿ, ಹೋಲ್ಟರ್ (ಮೈಗೆ ಕಟ್ಟಿಕೊಂಡು ದಿನವಿಡೀ ಬಡಿತ ದಾಖಲಿಸುವ ಯಂತ್ರ) ಕೇಳಿ. ತಲೆ ಸುತ್ತಿ ಬಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಪಿಎಚ್‌ಕ್ಯೂ-9 ಎಂಬ ಖಿನ್ನತೆ ಅಳೆಯುವ ಪ್ರಶ್ನಾವಳಿಯಲ್ಲಿ ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆಗಳಿವೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರ ಹತ್ತಿರ ಮಾತಾಡಬೇಕು. ಸುಸ್ತು, ನಿದ್ದೆ, ಹಸಿವಿನ ಅಂಕ ಹೃದಯದಿಂದಲೂ ಏರುತ್ತದೆ. ಹಾಗಾಗಿ ಆಸಕ್ತಿ ಕಳೆದಿದೆಯೇ, ಮನಸ್ಸು ಕುಗ್ಗಿದೆಯೇ ಎಂಬ ಮೊದಲೆರಡು ಉತ್ತರಗಳನ್ನು ಬಿಡಬೇಡಿ. ಸಾವಿನ ಯೋಚನೆಯ ಒಂಬತ್ತನೆಯದಕ್ಕೆ ಸೊನ್ನೆ ಬಿಟ್ಟು ಏನೇ ಬಂದರೂ ಅವತ್ತೇ ಯಾರಿಗಾದರೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮಾತ್ರೆ ಬರೆಸಿಕೊಳ್ಳುವಾಗ ಮನೋವೈದ್ಯರಿಗೆ ಹೃದಯದ ಫೈಲು ತೋರಿಸಿ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಸಿಟಲೋಪ್ರಾಮ್, ಇಸಿಜಿಯಲ್ಲಿ ಕಾಣುವ ಕ್ಯೂಟಿ ಅವಧಿಯನ್ನು ಉದ್ದ ಮಾಡಿ ಬಡಿತದ ಲಯ ತಪ್ಪಿಸಬಲ್ಲದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಜೊತೆ ಈ ಗುಂಪಿನ ಮಾತ್ರೆ ಸೇರಿದರೆ ರಕ್ತಸ್ರಾವದ ಸಾಧ್ಯತೆ ಹೆಚ್ಚು. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಪರೀಕ್ಷೆ) ಬೇಗ ನೋಡಿಸಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ಮದುವೆ ಮಾತುಕತೆಯಲ್ಲಿ ಎದೆಯ ಗಾಯದ ಗುರುತು ಮುಚ್ಚಿಡಿ ಅನ್ನುವ ಸಲಹೆಯಿಂದ ನನಗೆ ತುಂಬಾ ನೋವಾಗುತ್ತದೆ. ಗುಟ್ಟು ಕಾಯಲೆಂದೇ ಎಷ್ಟೋ ಹೆಣ್ಣುಮಕ್ಕಳು ತಪಾಸಣೆಗೆ ಹೋಗುವುದನ್ನೇ ಬಿಡುತ್ತಾರೆ, ಆಮೇಲೆ ಬಸಿರಾದಾಗ ಹೃದಯದ ಸ್ಥಿತಿ ಯಾರಿಗೂ ಗೊತ್ತಿರುವುದಿಲ್ಲ.

ತಂದೆತಾಯಿಗಳೇ, ಮಗುವಿಗೆ ಹನ್ನೆರಡು ವರ್ಷವಾದ ಮೇಲೆ ಪ್ರತಿ ಭೇಟಿಯಲ್ಲೂ ಐದು ನಿಮಿಷ ಹೊರಗೆ ಕೂತಿರಿ, ಮಗು ಒಂದೇ ಡಾಕ್ಟರ ಜೊತೆ ಮಾತಾಡಲಿ. "ಓಡಬೇಡ" ಅನ್ನುವ ಮೊದಲು ಎಷ್ಟು ನಿಮಿಷ ಓಡಬಹುದು ಎಂದು ಡಾಕ್ಟರನ್ನೇ ಕೇಳಿ, ಚೀಟಿಯಲ್ಲಿ ಬರೆಸಿ ಪಿಟಿ ಮಾಸ್ತರಿಗೆ ಕೊಡಿ.