ಪಾಟೀಸವಾಲಿಗೆ ನಿಂತ ಸ್ಕೂಲ್ ಬೋರ್ಡ್

ಡೋವರ್ ಅನ್ನೋ ಊರಿನ ಹೆಸರು ನಮ್ಮವರು ಕೇಳಿರೋದು ಕಡಿಮೆ. ಪೆನ್ಸಿಲ್ವೇನಿಯಾದ ಯಾರ್ಕ್ ಕೌಂಟಿಯ ಸಣ್ಣ ಊರು ಅದು. ನಾನಿರುವ ಹ್ಯಾರಿಸ್‌ಬರ್ಗಿನಿಂದ ಕಾರಿನಲ್ಲಿ ಒಂದು ಗಂಟೆಯೂ ಬೇಕಾಗಿಲ್ಲ. ಮಕ್ಕಳಿಗೆ ಏನು ಕಲಿಸಬೇಕು ಅನ್ನೋದನ್ನು ಯಾರು ತೀರ್ಮಾನಿಸಬೇಕು, ಹಾಗೆ ತೀರ್ಮಾನಿಸಿದವರು ಯಾರಿಗೆ ಉತ್ತರ ಕೊಡಬೇಕು ಅನ್ನೋ ಮಾತು ಬಂದಾಗಲೆಲ್ಲ ನಾನು ಈ ಊರಿನ ಉದಾಹರಣೆಯನ್ನೇ ಕೊಡುತ್ತೇನೆ. ಊರಿನ ಕಡೆಯ ಗೆಳೆಯರಿಗೂ ಇದನ್ನೇ ಹೇಳುತ್ತಾ ಬಂದಿದ್ದೇನೆ.

ಮೊದಲು ಇಲ್ಲಿನ ವ್ಯವಸ್ಥೆ ಹೇಳಬೇಕು, ಇಲ್ಲದಿದ್ದರೆ ಕಥೆ ಅರ್ಥವಾಗುವುದಿಲ್ಲ. ಅಮೆರಿಕದ ಸರ್ಕಾರಿ ಶಾಲೆಗಳನ್ನು ನಡೆಸೋದು ವಾಷಿಂಗ್ಟನ್ ಅಲ್ಲ. ಆಯಾ ಊರಿನ ಸ್ಕೂಲ್ ಬೋರ್ಡ್ ನಡೆಸುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಸಾಮಾನ್ಯವಾಗಿ ಒಂಬತ್ತು ಜನ, ಊರಿನವರೇ ಓಟು ಹಾಕಿ ಆರಿಸಿದವರು. ಶಾಲೆಯ ಖರ್ಚಿನ ದೊಡ್ಡ ಪಾಲು ನಮ್ಮ ಮನೆ ತೆರಿಗೆಯಿಂದಲೇ ಬರುತ್ತದೆ. ಬೋರ್ಡಿಗೆ ನಿಲ್ಲುವವರು ಶಿಕ್ಷಕರಾಗಿರಬೇಕು ಅಂತೇನೂ ಇಲ್ಲ. ಪಠ್ಯಪುಸ್ತಕ ಅಂದರೆ ರಾಜಧಾನಿಯ ಸಮಿತಿ ಬರೆದು ಕಳಿಸೋದು ಅಂತ ತಿಳಿದು ಬೆಳೆದ ನಮಗೆ ಇದು ಬಹಳ ಹೊಸತು.

2004ರಲ್ಲಿ ಡೋವರ್ ಬೋರ್ಡಿನ ಕೆಲವರಿಗೆ ಒಂಬತ್ತನೇ ತರಗತಿಯ ಜೀವಶಾಸ್ತ್ರದ ಪುಸ್ತಕ ಇಷ್ಟವಾಗಲಿಲ್ಲ. ಅದರಲ್ಲಿ ಡಾರ್ವಿನ್ ಜಾಸ್ತಿ ಆಯಿತು ಅನ್ನೋದು ಅವರ ದೂರು. ಅದಕ್ಕೆ ಎರಡು ವರ್ಷ ಮುಂಚೆ, ಅದೇ ಶಾಲೆಯ ವಿಜ್ಞಾನದ ಕೋಣೆಯಲ್ಲಿದ್ದ, ವಿದ್ಯಾರ್ಥಿಯೊಬ್ಬ ಬಿಡಿಸಿದ್ದ ಮಾನವ ವಿಕಾಸದ ದೊಡ್ಡ ಚಿತ್ರವನ್ನು ಹೊರಗೆ ತಂದು ಸುಟ್ಟಿದ್ದರು. ಅಕ್ಟೋಬರ್ 18, 2004ರಂದು ಬೋರ್ಡು 6-3 ಮತಗಳಿಂದ ಒಂದು ನಿರ್ಣಯ ಮಾಡಿತು. ಡಾರ್ವಿನ್ ಸಿದ್ಧಾಂತದಲ್ಲಿ ಕೊರತೆಗಳಿವೆ, 'ಇಂಟೆಲಿಜೆಂಟ್ ಡಿಸೈನ್' ಅನ್ನೋ ಬೇರೆ ವಿವರಣೆಯೂ ಇದೆ ಅಂತ ಮಕ್ಕಳಿಗೆ ತಿಳಿಸಬೇಕು ಅಂತ. ಯಾವುದೋ ಬುದ್ಧಿಶಕ್ತಿ ಜೀವಿಗಳನ್ನು ಯೋಜನೆ ಹಾಕಿ ರೂಪಿಸಿತು ಅನ್ನೋದು ಆ ವಾದ. ವಿರುದ್ಧ ಮತ ಹಾಕಿದ ಮೂವರಲ್ಲಿ ಗಂಡ ಹೆಂಡತಿ ಇಬ್ಬರು ಆ ಸಭೆಯಲ್ಲೇ ರಾಜೀನಾಮೆ ಕೊಟ್ಟು ಎದ್ದು ಹೋದರು.

ತರಗತಿಯಲ್ಲಿ ಓದಿಹೇಳಲು ನಾಲ್ಕು ಪ್ಯಾರಾದ ಹೇಳಿಕೆಯೊಂದು ತಯಾರಾಯಿತು. ವಿಜ್ಞಾನ ಶಿಕ್ಷಕರು ಅದನ್ನು ಓದಲು ಒಪ್ಪಲಿಲ್ಲ. ಇದು ವಿಜ್ಞಾನ ಅಲ್ಲ, ಗೊತ್ತಿದ್ದೂ ಮಕ್ಕಳಿಗೆ ತಪ್ಪು ಹೇಳಿಕೊಡಲು ನಮ್ಮ ವೃತ್ತಿಯ ನಿಯಮ ಬಿಡುವುದಿಲ್ಲ ಅಂತ ಬರೆದುಕೊಟ್ಟರು. ಕೆಲಸ ಹೋಗಬಹುದು ಅಂತ ಗೊತ್ತಿದ್ದೂ ಹಾಗೆ ಬರೆದುಕೊಟ್ಟರು. ಈ ಶಿಕ್ಷಕರ ಬಗ್ಗೆ ನನಗೆ ತುಂಬಾ ಗೌರವ. ಕೊನೆಗೆ 2005ರ ಜನವರಿಯಲ್ಲಿ ಆಡಳಿತದವರೇ ತರಗತಿಗೆ ಬಂದು ಓದಿ ಹೋದರು.

ಅಷ್ಟರಲ್ಲಿ ಹನ್ನೊಂದು ಜನ ತಂದೆತಾಯಿಯರು ಕೋರ್ಟಿಗೆ ಹೋಗಿದ್ದರು. ಮೊದಲ ಹೆಸರು ಟ್ಯಾಮಿ ಕಿಟ್ಸ್‌ಮಿಲ್ಲರ್ ಅವರದ್ದು. ಹಾಗಾಗಿ ಕೇಸಿಗೆ ಆ ಹೆಸರೇ ಉಳಿಯಿತು. ಸರ್ಕಾರ ಯಾವ ಧರ್ಮವನ್ನೂ ಹೇರಬಾರದು ಅನ್ನುವ ಅಮೆರಿಕ ಸಂವಿಧಾನದ ಮೊದಲನೇ ತಿದ್ದುಪಡಿಯೇ ಅವರ ಆಧಾರ.

ಈ ಜಗಳ ಇಲ್ಲಿ ಹೊಸದೇನಲ್ಲ. 1925ರಲ್ಲಿ ಟೆನೆಸ್ಸಿಯ ಡೇಟನ್‌ನಲ್ಲಿ ಜಾನ್ ಸ್ಕೋಪ್ಸ್ ಎಂಬ ಮೇಷ್ಟ್ರಿಗೆ ವಿಕಾಸವಾದ ಕಲಿಸಿದ್ದಕ್ಕೆ 100 ಡಾಲರ್ ದಂಡ ಬಿದ್ದಿತ್ತು. ಆ ದಂಡ ಆಮೇಲೆ ರದ್ದಾಯಿತು, ಆದರೆ ಅದಕ್ಕೆ ಕಾರಣ ಒಂದು ತಾಂತ್ರಿಕ ದೋಷ ಅಷ್ಟೇ. ಕಾನೂನು ಮಾತ್ರ 1967ರವರೆಗೂ ಹಾಗೇ ಇತ್ತು. 1968ರಲ್ಲಿ ಸುಪ್ರೀಂ ಕೋರ್ಟು ಅರ್ಕಾನ್ಸಾದ ಇಂಥದ್ದೇ ನಿಷೇಧವನ್ನು ತಳ್ಳಿಹಾಕಿತು. 1987ರಲ್ಲಿ ಲೂಯಿಸಿಯಾನದ ಕಾನೂನೂ ಬಿತ್ತು. ವಿಕಾಸವಾದ ಕಲಿಸಿದರೆ ಜೊತೆಗೆ 'ಸೃಷ್ಟಿ ವಿಜ್ಞಾನ'ವನ್ನೂ ಕಲಿಸಲೇಬೇಕು ಅಂತ ಅದು ಹೇಳುತ್ತಿತ್ತು. ಅದು ಬಿದ್ದ ಮೇಲೆಯೇ ಇಂಟೆಲಿಜೆಂಟ್ ಡಿಸೈನ್ ಅನ್ನೋ ಹೊಸ ಹೆಸರು ಶಾಲೆಗಳ ಬಾಗಿಲು ತಟ್ಟಲು ಶುರುವಾದದ್ದು.

ವಿಚಾರಣೆ ಹ್ಯಾರಿಸ್‌ಬರ್ಗಿನ ಫೆಡರಲ್ ಕೋರ್ಟಿನಲ್ಲಿ 2005ರ ಸೆಪ್ಟೆಂಬರ್ 26ರಿಂದ ನವೆಂಬರ್ 4ರವರೆಗೆ ನಡೆಯಿತು. ಜ್ಯೂರಿ ಇರಲಿಲ್ಲ. ನ್ಯಾಯಾಧೀಶರು ಜಾನ್ ಜೋನ್ಸ್. ರಿಪಬ್ಲಿಕನ್ ಪಕ್ಷದವರು, ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ನೇಮಿಸಿದವರು. ನಮ್ಮ ಕಡೆಯ ಜಡ್ಜು ಸಿಕ್ಕರು ಅಂತ ಬೋರ್ಡಿನ ಪರ ಇದ್ದ ಎಷ್ಟೋ ಜನ ಅಂದುಕೊಂಡಿದ್ದರು.

ಆ ವಿಚಾರಣೆಯ ದಾಖಲೆ ಈಗಲೂ ಯಾರು ಬೇಕಾದರೂ ಓದಬಹುದು. ನಾನು ಓದಿದ್ದೇನೆ. ಬ್ರೌನ್ ಯೂನಿವರ್ಸಿಟಿಯ ಜೀವಶಾಸ್ತ್ರಜ್ಞ ಕೆನೆತ್ ಮಿಲ್ಲರ್ ಮೊದಲ ಸಾಕ್ಷಿ. ಅವರು ಶ್ರದ್ಧೆಯಿರುವ ಕ್ಯಾಥೊಲಿಕ್. ಚಿಂಪಾಂಜಿ, ಗೊರಿಲ್ಲಾದಂಥ ದೊಡ್ಡ ವಾನರಗಳಲ್ಲಿ 24 ಜೋಡಿ ಕ್ರೋಮೋಸೋಮ್, ನಮ್ಮಲ್ಲಿ 23 ಜೋಡಿ. ಪೂರ್ವಜರು ಒಂದೇ ಆಗಿದ್ದರೆ ಒಂದು ಜೋಡಿ ಎಲ್ಲಿಗೆ ಹೋಯಿತು? ನಮ್ಮ ಎರಡನೇ ಕ್ರೋಮೋಸೋಮಿನಲ್ಲಿ ಎರಡು ಹಳೆಯ ಕ್ರೋಮೋಸೋಮುಗಳ ತುದಿಗಳು ಕೂಡಿಕೊಂಡ ಗುರುತು ಇವತ್ತಿಗೂ ಇದೆ ಅಂತ ಅವರು ಕೋರ್ಟಿಗೆ ತೋರಿಸಿದರು. ವಿಜ್ಞಾನ ಓದದವರಿಗೂ ಅರ್ಥವಾಗುವ ಹಾಗೆ ಹೇಳಿದರು.

ಆಮೇಲೆ ಪುಸ್ತಕದ ವಿಷಯ. ಇಂಟೆಲಿಜೆಂಟ್ ಡಿಸೈನ್ ಹೇಳುವ ಒಂದು ಪುಸ್ತಕದ ಪ್ರತಿಗಳನ್ನು ಬೋರ್ಡು ಶಾಲೆಯಲ್ಲಿ ಇಡಿಸಿತ್ತು. ಆ ಪುಸ್ತಕದ ಹಳೆಯ ಕರಡುಗಳನ್ನು ತಂದೆತಾಯಿಯರ ಪರ ವಕೀಲರು ತರಿಸಿಕೊಂಡರು. 1987ರ ತೀರ್ಪಿಗೆ ಮುಂಚಿನ ಕರಡುಗಳಲ್ಲಿ 'ಸೃಷ್ಟಿವಾದಿಗಳು' ಅಂತ ಇದ್ದ ಕಡೆಯೆಲ್ಲ ಆಮೇಲಿನ ಕರಡಿನಲ್ಲಿ 'ಡಿಸೈನ್ ಪ್ರತಿಪಾದಕರು' ಅಂತ ಬದಲಾಗಿತ್ತು. ಒಂದು ಕಡೆ ಅವಸರದಲ್ಲಿ ಹಳೆಯ ಪದದ ಚೂರುಗಳು ಹೊಸ ಪದಕ್ಕೆ ಅಂಟಿಕೊಂಡೇ ಉಳಿದಿದ್ದವು. ಬಾರ್ಬರಾ ಫಾರೆಸ್ಟ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕಿ ಇದನ್ನು ಸಾಲು ಸಾಲಾಗಿ ಕೋರ್ಟಿನ ಮುಂದಿಟ್ಟರು.

ಬೋರ್ಡಿನ ಪರವಾಗಿ ಬಂದ ಜೀವರಸಾಯನಶಾಸ್ತ್ರಜ್ಞ ಮೈಕೆಲ್ ಬೀಹಿ ಪಾಟೀಸವಾಲಿನಲ್ಲಿ ಒಂದು ಮಾತು ಒಪ್ಪಿಕೊಂಡರು. ವಿಜ್ಞಾನದ ಸಿದ್ಧಾಂತಕ್ಕೆ ಅವರು ಕೊಡುವ ಲಕ್ಷಣ ಹಿಡಿದರೆ ಜ್ಯೋತಿಷ್ಯವೂ ಅದರೊಳಗೆ ಬರುತ್ತದೆ ಅಂತ. ದೇಹದ ರೋಗನಿರೋಧಕ ವ್ಯವಸ್ಥೆ ವಿಕಾಸದಿಂದ ಬಂತು ಅನ್ನೋದಕ್ಕೆ ವಿಜ್ಞಾನದ ಸಾಹಿತ್ಯದಲ್ಲಿ ಉತ್ತರವಿಲ್ಲ ಅಂತ ಅವರು ಬರೆದಿದ್ದರು. ವಕೀಲರು ಅದೇ ವಿಷಯದ 58 ಸಂಶೋಧನಾ ಲೇಖನಗಳನ್ನೂ ಒಂಬತ್ತು ಪುಸ್ತಕಗಳನ್ನೂ ತಂದು ಅವರ ಮುಂದೆ ಪೇರಿಸಿದರು.

ಇಷ್ಟಾದರೂ ನನ್ನ ಮನಸ್ಸಿನಲ್ಲಿ ನಿಂತಿರೋದು ಬೇರೆಯೇ ಪ್ರಸಂಗ. ಆ ಪುಸ್ತಕಗಳಿಗೆ ದುಡ್ಡು ಕೊಟ್ಟವರು ಯಾರು ಅಂತ ಬೋರ್ಡಿನವರು ಹೇಳಿರಲೇ ಇಲ್ಲ. ಹೆಸರು ಹೇಳದ ದಾನಿ ಅಂತ ಇತ್ತು. ಕಟಕಟೆಯಲ್ಲಿ ನಿಂತಾಗ ನಿಜ ಹೊರಬಂತು. ಬೋರ್ಡಿನ ಸದಸ್ಯರೊಬ್ಬರು ತಮ್ಮ ಚರ್ಚಿನಲ್ಲಿ ಹಣ ಕೂಡಿಸಿ 850 ಡಾಲರಿನ ಚೆಕ್ ಬರೆದಿದ್ದರು. ಅದು ಬೋರ್ಡಿನ ಅಧ್ಯಕ್ಷರ ಕೈಯಿಂದ ಅವರ ತಂದೆಗೆ ಹೋಗಿತ್ತು, ಪುಸ್ತಕ ಕೊಂಡದ್ದು ತಂದೆಯ ಮೂಲಕ. ಮುಂಚೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಲ್ಲಿ ಇದನ್ನು ಯಾಕೆ ಹೇಳಲಿಲ್ಲ? ಈ ಪ್ರಶ್ನೆಯನ್ನು ಆ ಅಧ್ಯಕ್ಷರಿಗೆ ವಕೀಲರಷ್ಟೇ ಅಲ್ಲ, ನ್ಯಾಯಾಧೀಶರೂ ನೇರವಾಗಿ ಕೇಳಿದರು. ಮತ್ತೆ ಮತ್ತೆ ಕೇಳಿದರು. ಊರನ್ನು ಆಳುವವರು, ಊರಿನ ಜನರೆದುರಿಗೆ, ಪ್ರಮಾಣ ಮಾಡಿ, ತಪ್ಪಿಸಿಕೊಳ್ಳಲು ಆಗದೆ ಉತ್ತರ ಕೊಡಬೇಕಾಯಿತು.

ಡಿಸೆಂಬರ್ 20ರಂದು 139 ಪುಟಗಳ ತೀರ್ಪು ಬಂತು. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ಸೃಷ್ಟಿವಾದದ್ದೇ ಮುಂದುವರಿಕೆ, ಅದನ್ನು ಸರ್ಕಾರಿ ಶಾಲೆಯ ವಿಜ್ಞಾನ ತರಗತಿಗೆ ತರೋದು ಸಂವಿಧಾನಕ್ಕೆ ವಿರುದ್ಧ ಅಂತ ಜೋನ್ಸ್ ಬರೆದರು. ಬೋರ್ಡಿನ ಕೆಲವರು ಸುಳ್ಳು ಹೇಳಿದರು ಅಂತಲೂ ಬರೆದರು. ಅದಕ್ಕೆ ಮುಂಚೆಯೇ, ನವೆಂಬರ್ 8ರ ಚುನಾವಣೆಯಲ್ಲಿ ಕಣದಲ್ಲಿದ್ದ ಎಂಟೂ ಹಳೆಯ ಸದಸ್ಯರನ್ನು ಊರಿನವರು ಸೋಲಿಸಿದ್ದರು.

ಈಗ ನಮ್ಮ ಕಡೆ ಬರುತ್ತೇನೆ.

2018ರಲ್ಲಿ ಕೇಂದ್ರದ ಮಂತ್ರಿ ಸತ್ಯಪಾಲ್ ಸಿಂಗ್, ಡಾರ್ವಿನ್ ಹೇಳಿದ್ದು ವೈಜ್ಞಾನಿಕವಾಗಿ ತಪ್ಪು, ಅದನ್ನು ಪಠ್ಯದಿಂದ ಬದಲಾಯಿಸಬೇಕು ಅಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಅದಕ್ಕೆ ಉತ್ತರ ಕೊಟ್ಟವು. ಅದರಲ್ಲೊಂದು ನಮ್ಮ ಬೆಂಗಳೂರಿನದೇ. ಮಾತು ಅಲ್ಲಿಗೆ ನಿಂತಿತು. 2023ರಲ್ಲಿ ಮಾತ್ರ ಯಾರೂ ಏನೂ ದೊಡ್ಡದಾಗಿ ಹೇಳದೆ ಪಾಠವೇ ಹೋಯಿತು. ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನದಲ್ಲಿ 'ಅನುವಂಶೀಯತೆ ಮತ್ತು ವಿಕಾಸ' ಅಂತ ಇದ್ದ ಅಧ್ಯಾಯ ಬರೀ 'ಅನುವಂಶೀಯತೆ' ಆಯಿತು. ಕೋವಿಡ್ ಸಮಯದಲ್ಲಿ ಮಕ್ಕಳ ಹೊರೆ ಇಳಿಸಲು ಅಂತ ಬಿಟ್ಟದ್ದು, ಕೋವಿಡ್ ಹೋದ ಮೇಲೂ ವಾಪಸ್ ಬರಲಿಲ್ಲ. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೇ ತರಗತಿಯಲ್ಲಿ ಇದೆಯಲ್ಲ, ಅಲ್ಲಿ ಓದಲಿ ಅನ್ನೋ ಸಮಾಧಾನ ಸಿಕ್ಕಿತು.

ಹತ್ತನೇ ತರಗತಿ ಆದ ಮೇಲೆ ಕಾಮರ್ಸ್, ಆರ್ಟ್ಸ್, ಐಟಿಐ, ಡಿಪ್ಲೊಮಾ ಅಂತ ಹೋಗುವವರೇ ಜಾಸ್ತಿ ಅಲ್ವಾ? ಸೈನ್ಸ್ ತಗೊಂಡವರಲ್ಲೂ ಬಯಾಲಜಿ ಬಿಡುವವರು ಎಷ್ಟೋ ಜನ. ಅವರೆಲ್ಲ ಇನ್ನು ಈ ಪಾಠ ಓದುವುದೇ ಇಲ್ಲ. ರೋಗಾಣುಗಳು ಔಷಧಿಗೆ ಬಗ್ಗದೆ ಹೋಗುವುದು ಹೇಗೆ, ಕೀಟನಾಶಕ ಹೊಡೆದಷ್ಟೂ ಹುಳ ಯಾಕೆ ಸಾಯುವುದಿಲ್ಲ ಅನ್ನೋದಕ್ಕೆಲ್ಲ ಬುನಾದಿ ಇದೇ. ಡಾಕ್ಟರಾಗುವವರಿಗೆ ಬೇಕಾದಷ್ಟೇ ಅದು ಹತ್ತಿ ಬೆಳೆಯುವ ರೈತನ ಮಗಳಿಗೂ ಬೇಕು.

ಮೈಸೂರಿನ ಒಂದು ಸಿಬಿಎಸ್‌ಇ ಶಾಲೆಯಲ್ಲಿ ನಮ್ಮಕ್ಕ ವಿಜ್ಞಾನ ಕಲಿಸುತ್ತಾಳೆ. "ಯಾಕಕ್ಕಾ, ನೀವೆಲ್ಲ ಸೇರಿ ಕೇಳಬಾರದಾ?" ಅಂದೆ. "ಯಾರನ್ನ ಕೇಳೋದು ಕಣೋ? ಪುಸ್ತಕ ಬಂತು, ನೋಡಿದರೆ ಪಾಠ ಇಲ್ಲ. ಅಷ್ಟೇ ನಮಗೆ ಗೊತ್ತಾಗಿದ್ದು" ಅಂದಳು. ಡೋವರಿನ ಶಿಕ್ಷಕರಿಗೆ ಎದುರಿಗೆ ನಿಂತು ಬೇಡ ಅನ್ನಲು ಒಂದು ಬೋರ್ಡ್ ಇತ್ತು. ಅಕ್ಕನ ಎದುರಿಗೆ ಒಬ್ಬ ಮನುಷ್ಯನೂ ಇಲ್ಲ.

ನಮ್ಮಲ್ಲೂ ಕೋರ್ಟಿಗೆ ಹೋದವರಿದ್ದಾರೆ. 2001ರಲ್ಲಿ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷ್ಯದ ಕೋರ್ಸು ಶುರು ಮಾಡಲು ಹೊರಟಾಗ, ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಕಟ್ಟಿದ ವಿಜ್ಞಾನಿ ಪಿ.ಎಂ. ಭಾರ್ಗವ ಅದನ್ನು ಪ್ರಶ್ನಿಸಿದರು. 2004ರಲ್ಲಿ ಸುಪ್ರೀಂ ಕೋರ್ಟು ಅವರ ಅರ್ಜಿ ಒಪ್ಪಲಿಲ್ಲ. ಯಾವ ಕೋರ್ಸು ಇರಬೇಕು ಅನ್ನೋದು ಶಿಕ್ಷಣ ಪರಿಣತರ ವಿಷಯ, ಅದರಲ್ಲಿ ಕೋರ್ಟು ಕೈಹಾಕುವುದು ಸರಿಯಲ್ಲ ಅನ್ನೋದು ತೀರ್ಪಿನ ಸಾರ. ಮರುವರ್ಷ ಹ್ಯಾರಿಸ್‌ಬರ್ಗಿನಲ್ಲಿ ಅದೇ ಜ್ಯೋತಿಷ್ಯದ ಹೆಸರು ಬಂದಾಗ ಪರಿಣತರನ್ನೇ ಕಟಕಟೆಗೆ ಕರೆಸಿ, ವಿಜ್ಞಾನ ಅಂದರೆ ಏನು ಅಂತ ವಾರಗಟ್ಟಲೆ ಕೇಳಿದರು. ಪರಿಣತರಿಗೆ ಬಿಡೋಣ ಅನ್ನೋದು ತಪ್ಪಲ್ಲ. ಆದರೆ ಪರಿಣತರೂ ಕಾರಣ ಹೇಳಬೇಕು. ನಮ್ಮ ಸಂವಿಧಾನದ 51ಎ ವಿಧಿಯಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರತಿ ನಾಗರಿಕನ ಕರ್ತವ್ಯ ಅಂತ 1976ರಿಂದ ಬರೆದಿದೆ. ಇಂಥ ಮಾತು ಅಮೆರಿಕದ ಸಂವಿಧಾನದಲ್ಲಿ ಇಲ್ಲ. ಇಷ್ಟು ಒಳ್ಳೆಯ ಸಾಲನ್ನು ಇಟ್ಟುಕೊಂಡು ನಾವು ಅದನ್ನು ಬಳಸುತ್ತಲೇ ಇಲ್ಲ ಅನ್ನೋದು ನನಗೆ ನೋವಿನ ವಿಷಯ.

ಹಾಗಂತ ಅಮೆರಿಕದ್ದೇ ಸರಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ದೇವರ ಪೂಜೆ ಮಾಡಿ ಬಂದ ಹುಡುಗ ಡಾರ್ವಿನ್ ಓದಿದರೆ ಅಪ್ಪ ಅಮ್ಮನಿಗೆ ಅದು ಧರ್ಮಸಂಕಟ ಅನ್ನಿಸುವುದಿಲ್ಲ. ಇದು ದೊಡ್ಡ ಭಾಗ್ಯ. ನಮ್ಮಜ್ಜಿ ಮತ್ಸ್ಯ, ಕೂರ್ಮ, ವರಾಹ ಅಂತ ಬೆರಳು ಮಡಿಸಿ, ದಶಾವತಾರದಲ್ಲೇ ಎಲ್ಲ ಇದೆಯಲ್ಲೋ ಅನ್ನುತ್ತಿದ್ದರು. ಪ್ರೀತಿಯ ಮಾತು ಅದು. ಆದರೆ ಒಂದು ಜಾತಿಯ ಜೀವಿಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಇರುತ್ತದೆ, ಪರಿಸರಕ್ಕೆ ಹೊಂದಿದ್ದು ಜಾಸ್ತಿ ಮರಿ ಮಾಡುತ್ತದೆ, ತಲೆಮಾರುಗಳು ಕಳೆದಂತೆ ಗುಂಪೇ ಬದಲಾಗುತ್ತದೆ ಅನ್ನೋದು ಅವತಾರಗಳ ಪಟ್ಟಿಯಲ್ಲಿ ಇಲ್ಲ. ಜಗಳ ಇಲ್ಲದ್ದರಿಂದ ನಮಗೆ ವಿಷಯ ಅರ್ಥವಾಗಿದೆ ಅಂತಲೂ ಅಂದುಕೊಂಡುಬಿಟ್ಟಿದ್ದೇವೆ. ಪಾಠ ಹೋದಾಗ ಮನೆಗಳಲ್ಲಿ ಯಾರೂ ಗಮನಿಸದೆ ಹೋಗಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಡೋವರ್ ತೆತ್ತ ಬೆಲೆಯೂ ಸಣ್ಣದಲ್ಲ. ಗೆದ್ದವರ ವಕೀಲರ ಖರ್ಚು ಅಂತ ಶಾಲೆಗಳ ಬೊಕ್ಕಸದಿಂದ 10 ಲಕ್ಷ ಡಾಲರ್ ಹೋಯಿತು. ನ್ಯಾಯಾಧೀಶರಿಗೆ ಕೊಲೆ ಬೆದರಿಕೆ ಬಂದು ಮನೆಗೆ ಕಾವಲು ಹಾಕಬೇಕಾಯಿತು. ನೆರೆಹೊರೆಯವರ ನಡುವೆ ಮಾತು ನಿಂತಿತು. ಮತ್ತೆ ಕೋರ್ಟಿನಲ್ಲಿ ಗೆದ್ದದ್ದೆಲ್ಲ ತರಗತಿಗೆ ಬರುವುದಿಲ್ಲ. ಪೆನ್ ಸ್ಟೇಟ್ ಯೂನಿವರ್ಸಿಟಿಯ ಇಬ್ಬರು ಸಂಶೋಧಕರು ದೇಶದ ಹೈಸ್ಕೂಲ್ ಜೀವಶಾಸ್ತ್ರ ಶಿಕ್ಷಕರನ್ನು ಕೇಳಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಕಾಸವಾದವನ್ನು ಸರಿಯಾಗಿ ಕಲಿಸುವವರು ಶೇ. 28 ಮಾತ್ರ. ಸೃಷ್ಟಿವಾದದ ಪರ ಕಲಿಸುವವರು ಶೇ. 13. ಉಳಿದವರು ಊರಿನ ಉಸಾಬರಿ ಬೇಡ ಅಂತ ವಿಷಯವನ್ನು ಮುಟ್ಟಿಯೂ ಮುಟ್ಟದ ಹಾಗೆ ದಾಟಿಸುತ್ತಾರೆ.

ಹಾಗಾಗಿ ಒಂಬತ್ತು ಜನ ಓಟು ಗೆದ್ದು ಬಂದು ಜೀವಶಾಸ್ತ್ರ ತಿದ್ದುವ ಅಧಿಕಾರ ನಮಗೆ ಬೇಡವೇ ಬೇಡ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಇದೆ, ತಂದೆತಾಯಿಯರೇ ಅದರಲ್ಲಿ ಇರುತ್ತಾರೆ. ಕಟ್ಟಡ, ಬಿಸಿಯೂಟ, ಮಕ್ಕಳ ಹಾಜರಿ ನೋಡಿಕೊಳ್ಳುತ್ತಾರೆ. ಪಠ್ಯ ಬರೆಯುವ ಕೆಲಸ ಅವರಿಗೆ ಕೊಡಿ ಅಂತ ನಾನು ಕೇಳುವುದಿಲ್ಲ. ನಾನು ಕೇಳೋದು ಉತ್ತರ. ಒಂದು ಪಾಠ ತೆಗೆಯುವ ಮುಂಚೆ ಯಾರು ತೆಗೆಯುತ್ತಿದ್ದಾರೆ, ಅವರ ವಿಷಯ ಯಾವುದು, ಕಾರಣ ಏನು ಅಂತ ಹೆಸರು ಹಾಕಿ ಪ್ರಕಟಿಸಲಿ, ಕನ್ನಡದಲ್ಲೂ ಪ್ರಕಟಿಸಲಿ. ಶಿಕ್ಷಕರಿಗೆ ಆಕ್ಷೇಪ ಬರೆಯಲು ಮೂರು ತಿಂಗಳು ಕೊಡಲಿ. ಬಂದ ಆಕ್ಷೇಪಕ್ಕೆ ಸಮಿತಿಯವರು ಒಂದು ದಿನ ಎಲ್ಲರೆದುರಿಗೆ ಕೂತು ಉತ್ತರ ಹೇಳಲಿ. ಬೆಂಗಳೂರಿನಲ್ಲೂ ಹೇಳಲಿ, ಧಾರವಾಡದಲ್ಲೂ ಹೇಳಲಿ. ಈ ನಿಯಮ ದೆಹಲಿಯ ಪುಸ್ತಕಕ್ಕೂ ಇರಲಿ, ನಮ್ಮ ರಾಜ್ಯದ ಪುಸ್ತಕಕ್ಕೂ ಇರಲಿ, ಯಾವ ಪಕ್ಷದ ಸರ್ಕಾರ ಇದ್ದರೂ ಇರಲಿ. ಹೊಸ ನಿಯಮದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಅಕ್ಕ ಈಗಾಗಲೇ ಬರೆದಿಟ್ಟುಕೊಂಡಿದ್ದಾಳೆ: ಹತ್ತನೇ ತರಗತಿಗೆ ಡಾರ್ವಿನ್ ಯಾವಾಗ ವಾಪಸ್ ಬರುತ್ತಾನೆ?